ಅಪ್ಪ ಊದಿದ ಹಳದಿ ಬಲೂನು

ಅಂಗಡಿಯ ಹಿಂದಿನ ಕೋಣೆ,
ಮಾರ್ಚ್ ೯, ಭಾನುವಾರ

ಗಿಣಿಯ ಅಪ್ಪನಿಗೆ,

ಹೇಗಿದ್ದೀರಿ? ಕೆಮ್ಮು ಕಡಿಮೆಯಾಯಿತೇ? ಒರಗಿ ಮಲಗಿದರೆ ಉಸಿರಾಟ ಸುಲಭವೆಂದು ನರ್ಸಮ್ಮ ಹೇಳಿದ್ದರಂತೆ. ನೀವೋ ದಿಂಬು ತಳ್ಳಿ ಚಪ್ಪಟೆಯಾಗಿ ಮಲಗುವವರು. ಹಟ ಬಿಡಿ. ನಾನೂ ಮಗಳೂ ಚೆನ್ನಾಗಿದ್ದೇವೆ. ಹಾಗೆ ಬರೆಯುವುದು ರೂಢಿ, ಅಷ್ಟೇ. ನೀವಿಲ್ಲದೆ ಮನೆ ಬಿಕೋ ಎನ್ನುತ್ತಿದೆ.

ಅಂಗಡಿಯ ವಿಷಯ ಕೇಳಿದರೆ ನಗುತ್ತೀರಿ. ನಗಿ, ಆದರೆ ಮೆಲ್ಲಗೆ. ಶಾಲೆಯ ಸಮಾರಂಭಕ್ಕೆ ಗ್ಯಾಸ್ ಬಲೂನು ಕೇಳಿದ್ದರು. ಬೆಳಿಗ್ಗೆ ನನ್ನೊಬ್ಬಳಿಂದ ಆಗದೆಂದು ಹಿಂದಿನ ಸಂಜೆಯೇ ಸಿಲಿಂಡರಿನಿಂದ ತುಂಬಿಸಿ ಶಾಲೆಯ ಚಾವಣಿಗೆ ಬಿಟ್ಟು ಬಂದೆ. ಬೆಳಿಗ್ಗೆ ನೋಡಿದರೆ ಎಲ್ಲವೂ ಮುಖ ಜೋಲು ಹಾಕಿಕೊಂಡು ನೆಲದ ಮೇಲೆ ಕೂತಿವೆ! "ಏನಮ್ಮಾ, ನಿಮ್ಮ ಬಲೂನಿಗೂ ನಿದ್ದೆ ಬಂತಾ?" ಎಂದರು ಮೇಷ್ಟ್ರು. ಬಾಗಿಲಿಗೆ ಕಟ್ಟಿದ್ದ ಬಲೂನುಗಳಿಗೆ ಪಂಪಿನಿಂದ ಬರೀ ಗಾಳಿ ಹೊಡೆದಿದ್ದೆ. ಅವು ಮಾತ್ರ ಗುಂಡಗೆ ಇದ್ದವು.

ಮನೆಗೆ ಬಂದು ಗೊಣಗಿದ್ದಕ್ಕೆ ಗಿಣಿ ಪಾಠ ಒಪ್ಪಿಸಿದಳು. ಬಿಸಿ ಒಂದೇ ಇದ್ದರೂ ಎಲ್ಲ ಅನಿಲದ ಕಣಗಳೂ ಒಂದೇ ವೇಗದಲ್ಲಿ ಓಡುವುದಿಲ್ಲವಂತೆ. ಹಗುರವಾದವು ಜೋರು, ಭಾರವಾದವು ನಿಧಾನ. ಗಾಳಿಯ ಕಣ ನಮ್ಮ ಸಿಲಿಂಡರಿನ ಹೀಲಿಯಂ ಕಣಕ್ಕಿಂತ ಸುಮಾರು ಏಳು ಪಟ್ಟು ಭಾರ. ಹಾಗಾದರೆ ಹೀಲಿಯಂ ಏಳು ಪಟ್ಟು ಜೋರೇ ಎಂದೆ. "ಅಲ್ಲಮ್ಮಾ, ವರ್ಗಮೂಲ ತಗೋಬೇಕು. ಎರಡೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ" ಎಂದು ನನಗೇ ಬುದ್ಧಿ ಹೇಳಿದಳು. ಹೀಲಿಯಂ ಕಣ ಪುಟ್ಟದು ಬೇರೆ, ರಬ್ಬರಿನ ಸಂದಿಯಲ್ಲಿ ಬೇಗ ನುಸುಳಿಬಿಡುತ್ತದಂತೆ.

ಆಗ ತಿಳಿಯಿತು ನಿಮ್ಮ ಉಪಾಯ. ಆಸ್ಪತ್ರೆಗೆ ಹೊರಟ ದಿನ ಸಿಲಿಂಡರು ಪಕ್ಕದಲ್ಲೇ ಇತ್ತು. ನೀವು ಅದನ್ನು ಮುಟ್ಟದೆ, ಏದುಸಿರು ಬಿಡುತ್ತ ಬಾಯಲ್ಲೇ ಊದಿ, "ಇದು ಕುಗ್ಗೋದ್ರೊಳಗೆ ಬಂದ್ಬಿಡ್ತೀನಿ" ಎಂದು ಅವಳ ಕೈಗೆ ಕೊಟ್ಟಿರಿ. ನಾನು ಬೈದೆ. ನಿಧಾನವಾಗಿ ಖಾಲಿಯಾಗುವುದನ್ನೇ ಆರಿಸಿದ್ದೀರೆಂದು ನನಗೇನು ಗೊತ್ತು? ಆ ಹಳದಿ ಬಲೂನು ಅವಳ ಮಂಚದ ಮೇಲಿದೆ. ನಿಂಬೆಹಣ್ಣಿನಷ್ಟಾಗಿದೆ, ಮೈಯೆಲ್ಲ ಸುಕ್ಕು. ಬಿಸಿಯಾದರೆ ನಿಧಾನದ ಕಣಗಳೂ ಓಡತೊಡಗುತ್ತವೆಂದು, ಬಿಸಿಲು ಬೀಳದಂತೆ ಕಿಟಕಿಗೆ ನನ್ನ ಹಳೇ ಸೀರೆ ಕಟ್ಟಿದ್ದಾಳೆ. ಅದನ್ನು ನೋಡಿದಾಗಲೆಲ್ಲ ಅಳು ಒತ್ತರಿಸಿ ಬರುತ್ತದೆ. ಅವಳೆದುರು ಅಳುವುದಿಲ್ಲ, ಅಂಗಡಿಗೆ ಹೋಗುತ್ತೇನೆ.

ಪಕ್ಕದ ದರ್ಜಿ ಅಣ್ಣ ನಿಮ್ಮನ್ನು ಕೇಳಿದ್ದಾರೆ. ಗಿಣಿಯ ಮುತ್ತುಗಳು. ದಿಂಬಿಗೆ ಒರಗಿಯೇ ಮಲಗಿ.

ನಿಮ್ಮವಳು,
ಗಿಣಿಯ ಅಮ್ಮ

ಇನ್ನೊಂದು ಮಾತು: ಡಾಕ್ಟರು ಫೋನ್ ಮಾಡಿದ್ದರು. ಇಷ್ಟು ದಿನ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುತ್ತಿದ್ದವರು, ಮಗಳನ್ನು ಕರೆದುಕೊಂಡು ಬೇಗ ಬನ್ನಿ ಎಂದರು. ನಿಮಗೂ ಎಲ್ಲ ಹೇಳಿದ್ದಾರಂತೆ. ಕಾಗದವನ್ನು ಇವತ್ತೇ ಆಸ್ಪತ್ರೆ ಕಡೆ ಹೋಗುವ ವ್ಯಾನಿನವರ ಕೈಲಿ ಕಳಿಸುತ್ತಿದ್ದೇನೆ, ನಾಳೆ ನಾವೇ ಬರುತ್ತೇವೆ. ಗಿಣಿ ಹೊಸ ಬಲೂನೊಂದನ್ನು ಚೀಲದಲ್ಲಿ ಬಚ್ಚಿಟ್ಟುಕೊಂಡಿದ್ದಾಳೆ, ನಿಮ್ಮ ಕೈಲಿ ಊದಿಸಲು. ಆಗಲ್ಲ ಅನ್ನಬೇಡಿ. ತುಟಿಗಿಟ್ಟು ಒಂದೇ ಒಂದು ಉಸಿರು ಬಿಡಿ. ಉಳಿದದ್ದನ್ನು ನಾನು ಊದಿ ಗಂಟು ಹಾಕುತ್ತೇನೆ.