ಹೊಸ ರೂಟರಿಗೆ ನನ್ನ ಹೆಸರು

ಅಂಗಡಿಯ ಹಿಂದಿನ ಕೋಣೆಯಿಂದ,
ಗುರುವಾರ, ಹದಿನಾಲ್ಕನೇ ತಾರೀಕು, ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ಹೇಗಿದ್ದೀಯ? ವಾರ್ಡಿನಲ್ಲಿ ನಿಂತು ನಿಂತು ಹಿಮ್ಮಡಿ ನೋಯುತ್ತದೆ ಅಂದಿದ್ದೆಯಲ್ಲ, ಕಡಿಮೆಯಾಯಿತೇ? ಮೆತ್ತನೆಯ ಚಪ್ಪಲಿ ಕೊಡಿ ಎಂದು ದೊಡ್ಡ ನರ್ಸಮ್ಮನನ್ನು ಕೇಳುವುದಕ್ಕೆ ನಿನಗೆ ಬಾಯಿಲ್ಲವೇ? ನನ್ನ ಮುಂದೆ ಮಾತ್ರ ಬೇಕಾದಷ್ಟಿದೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ನಿಂತುಕೊಂಡು ತಿನ್ನಬೇಡ. ಇಲ್ಲಿ ಅಮ್ಮ ಆರಾಮ, ನಾನೂ ಆರಾಮ ಎಂದು ಬರೆಯುವುದು ವಾಡಿಕೆ, ಬರೆದಿದ್ದೇನೆ. ಫೋನ್ ಬಿಟ್ಟು ಕಾಗದವೇಕೆ ಎಂದು ಹುಬ್ಬೇರಿಸಬೇಡ. ನಮ್ಮ ಎರಡು ಕೋಣೆಯ ಮನೆಯಲ್ಲಿ ಪಿಸುಗುಟ್ಟಿದರೂ ಅಮ್ಮನಿಗೆ ಕೇಳಿಸುತ್ತದೆ. ಅವಳ ಕಾಲು ಸೋತಿದೆ, ಕಿವಿ ಇನ್ನೂ ಗಟ್ಟಿಯಾಗಿದೆ. ಅದಕ್ಕೇ ಇಲ್ಲಿ ಕನ್ನಡಕದ ಗಾಜು ಉಜ್ಜುವ ಯಂತ್ರದ ಪಕ್ಕ ಕೂತು ಬರೆಯುತ್ತಿದ್ದೇನೆ. ಅಕ್ಷರದ ಮೇಲೆ ಪುಡಿ ಉದುರಿದ್ದರೆ ಊದಿಕೋ.

ಸುತ್ತಿ ಬಳಸಿ ಹೇಳುವುದು ನನಗೆ ಬಾರದು. ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚು. ಇವತ್ತಿನದಲ್ಲ, ನಿನ್ನನ್ನು ಬಟ್ಟೆಯಲ್ಲಿ ಸುತ್ತಿ ಮನೆಗೆ ತಂದ ದಿನದ್ದು. ಆಗ ನನಗೆ ನಾಲ್ಕು ವರ್ಷ. ಅಂದಿನಿಂದ ನೀನು ಗುಬ್ಬಿ, ನಾನು ಅಕ್ಕ. ಹೆತ್ತವಳ ಬಾಯಲ್ಲೂ ಅಕ್ಕನೇ. ಹೋಗಲಿ, ಅದು ಹಳೆಯದು. ಹೋದ ವರ್ಷ ರಜೆಗೆ ಬಂದೆಯಲ್ಲ, ಬಾಗಿಲಿಗೊಂದು, ಹಾಲಿಗೊಂದು, ಅಡುಗೆಮನೆಗೊಂದು ಕ್ಯಾಮೆರಾ ಹಾಕಿಸಿ, "ನೀನು ಅಂಗಡಿಗೆ ಹೋದಾಗ ಅಮ್ಮನ್ನ ನಾನ್ ನೋಡ್ಕೋತೀನಿ" ಅಂದೆ. ವೈಫೈಗೆ ಗುಬ್ಬಿಮನೆ ಎಂದು ಹೆಸರಿಟ್ಟೆ, ಪಾಸ್‌ವರ್ಡಿಗೆ ನೀನು ಹುಟ್ಟಿದ ತಾರೀಕು. ಬಂದವರು ಕೇಳಿದಾಗಲೆಲ್ಲ ನಿನ್ನ ಹೆಸರನ್ನೂ ತಾರೀಕನ್ನೂ ನಾನು ಹೇಳಿ ಬರೆಸಬೇಕು. ಇರುವವಳು ನಾನು, ಮನೆ ಗುಬ್ಬಿಯದು.

ಆಮೇಲೆ ಅಮ್ಮನ ದರ್ಬಾರು ಶುರುವಾಯಿತು. ದಿನಾ ನಾಲ್ಕು ಗಂಟೆಗೆ ತಲೆ ಬಾಚಿಕೊಂಡು, ಒಳ್ಳೆಯ ಬಟ್ಟೆ ಉಟ್ಟು, ಹಾಲಿನ ಕ್ಯಾಮೆರಾದ ಎದುರು ಕುರ್ಚಿ ಎಳೆದುಕೊಳ್ಳುತ್ತಾಳೆ. ಯಾರು ಬಂದರು, ಯಾರು ಏನಂದರು, ಮೊಣಕಾಲು ಎಷ್ಟು ನೋಯಿತು, ಎಲ್ಲ ನಿನಗೆ ವರದಿ. ನಾನು ಹೊಟ್ಟೆ ಬಟ್ಟೆ ಕಟ್ಟಿ ತಂದ ಉಣ್ಣೆಯ ಹೊದಿಕೆಯನ್ನು ಕ್ಯಾಮೆರಾಕ್ಕೆ ಹಿಡಿದು, "ನೋಡೇ ಗುಬ್ಬಿ, ಬಣ್ಣ ಹೆಂಗಿದೆ?" ಅಂದಳು. ನನಗೆ ಚೆನ್ನಾಗಿದೆ ಎಂದು ಒಂದು ಮಾತಿಲ್ಲ. ಸಂಜೆ ನಾನು ಬಂದು ಏನಮ್ಮಾ ಸಮಾಚಾರ ಅಂದರೆ, "ಎಲ್ಲಾ ಗುಬ್ಬಿ ಹತ್ರ ಹೇಳಾಯ್ತು, ಮತ್ತೆ ಯಾರು ಹೇಳ್ತಾರೆ" ಎಂದು ಗೋಡೆ ಕಡೆ ತಿರುಗಿ ಮಲಗುತ್ತಾಳೆ. ಸ್ನಾನ ಮಾಡಿಸುವವಳು ನಾನು, ಉಗುರು ಕತ್ತರಿಸುವವಳು ನಾನು, ಬೈಸಿಕೊಳ್ಳುವವಳೂ ನಾನೇ. ಮಾತು ಮಾತ್ರ ನಿನಗೆ. ಮೊದಮೊದಲು ನೀನೂ ಅದರಲ್ಲಿ ಮಾತಾಡುತ್ತಿದ್ದೆ. ಒಂದು ದಿನ ತಲೆಯ ಮೇಲಿನಿಂದ, "ಅಕ್ಕಾ, ಅಮ್ಮಂಗೆ ಮಾತ್ರೆ ಕೊಟ್ಯಾ?" ಎಂದು ಕೇಳಿದಾಗ ನನ್ನ ಕೈಯಲ್ಲಿದ್ದ ಲೋಟ ಬಿದ್ದಿತ್ತು. ಬರಬರುತ್ತ ನಿನ್ನ ದನಿ ನಿಂತಿತು. ಅಮ್ಮನಿಗೆ ಅದೇನೂ ಕೊರತೆಯಾಗಲಿಲ್ಲ. "ಡ್ಯೂಟಿಲಿರ್ತಾಳೆ, ಬಾಯಿ ಬಿಡೋಕಾಗಲ್ಲ, ಕೇಳಿಸ್ಕೋತಾ ಇರ್ತಾಳೆ" ಅನ್ನುತ್ತಿದ್ದಳು.

ಈಗ ನಾನು ಮಾಡಿದ್ದನ್ನು ಕೇಳು. ಹಳೆಯ ರೂಟರ್ ಮುಟ್ಟಿದರೆ ಸುಡುವಷ್ಟು ಬಿಸಿಯಾಗಿ ಗಂಟೆಗೊಮ್ಮೆ ಸಾಯುತ್ತಿತ್ತು. ಶುಕ್ರವಾರ ಹೊಸದನ್ನು ಹಾಕಲು ಏಣಿಯಣ್ಣ ಬಂದ. ಗೊತ್ತಲ್ಲ, ಸದಾ ಹೆಗಲ ಮೇಲೆ ಏಣಿ ಇರುವ ಹಿರಿಯ, ಅವನ ಕನ್ನಡಕಕ್ಕೆ ಗಾಜು ಕೂರಿಸಿದವಳು ನಾನೇ. ಎಲ್ಲ ಜೋಡಿಸಿ, "ಹಳೇ ಹೆಸರು, ಹಳೇ ಪಾಸ್‌ವರ್ಡೇ ಇಟ್ಬಿಡಿ ಅಕ್ಕಾ. ಒಂದಕ್ಷರ ಆಚೀಚೆ ಆಗ್ಬಾರ್ದು. ಕ್ಯಾಮೆರಾಗಳು ಡಬ್ಬಿ ಬದಲಾಗಿದ್ದೂ ಗೊತ್ತಾಗದೆ ತಾವೇ ಸೇರ್ಕೋತವೆ" ಅಂದ. ಬೇಡ, ಅಕ್ಕನಮನೆ ಎಂದು ಹಾಕಿ ಅಂದೆ. ಪಾಸ್‌ವರ್ಡಿಗೆ ನನ್ನ ಹುಟ್ಟಿದ ತಾರೀಕು. ಹಾಗಾದರೆ ಮೂರನ್ನೂ ಒಂದೊಂದಾಗಿ ಇಳಿಸಿ ಹೊಸದಾಗಿ ಸೇರಿಸಬೇಕು, ಈಗಲೇ ಮಾಡಲೇ ಎಂದು ಏಣಿಗೆ ಕೈ ಹಾಕಿದ. ನಿಧಾನವಾಗಿ ಮಾಡೋಣ ಎಂದು ಕಳಿಸಿಬಿಟ್ಟೆ. ಕ್ಯಾಮೆರಾದ ಹಸಿರು ದೀಪಗಳು ಕೆಂಪಾದವು. ಅಮ್ಮನಿಗೆ ಆ ದೀಪದ ಬಣ್ಣವೆಲ್ಲ ತಿಳಿಯದು. ನಾನು ಹೇಳಲೂ ಇಲ್ಲ. ನಾಲ್ಕು ಗಂಟೆಗೆ ಅವಳು ತಲೆ ಬಾಚಿಕೊಂಡು ಕೂತದ್ದು ನೋಡಿ ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಕ್ಯಾಮೆರಾ ಏಕೆ ಬರುತ್ತಿಲ್ಲ ಎಂದು ನೀನು ಹಾರಾಡುತ್ತ ಫೋನ್ ಮಾಡುತ್ತೀಯ ಎಂದು ಕಾದೆ. ಶನಿವಾರ ಮಾಡಲಿಲ್ಲ. ಭಾನುವಾರ ನೀನು ಎಂದಿನಂತೆ ಐದು ನಿಮಿಷ ಮಾಡಿದೆ. "ಈಗ್ತಾನೇ ನೋಡ್ದೆ ಅಮ್ಮಾ, ಚೆನ್ನಾಗಿ ಕಾಣ್ತಿದ್ದೀಯ" ಅಂದೆ. ನಾನು ಪಕ್ಕದಲ್ಲೇ ಇದ್ದೆ, ತಲೆಯ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ನನ್ನ ಹೊಟ್ಟೆಕಿಚ್ಚು ಎಷ್ಟು ದಡ್ಡದ್ದು ನೋಡು, ನೀನು ಸುಳ್ಳು ಹೇಳುತ್ತಿದ್ದೀಯ ಎಂದು ಹೊಳೆಯಲೇ ಇಲ್ಲ. ಈ ಕ್ಯಾಮೆರಾಗಳೂ ನನ್ನ ಕಣ್ಣು ತಪ್ಪಿಸಿ ನಿನ್ನ ಕಡೆ ಸೇರಿಕೊಂಡಿವೆ ಅಂದುಕೊಂಡೆ.

ಮಂಗಳವಾರ ಅಂಗಡಿಯಲ್ಲಿ ಕರೆಂಟ್ ಹೋಗಿ, ಮಾಲೀಕರು ಮಧ್ಯಾಹ್ನಕ್ಕೇ ಬಾಗಿಲು ಹಾಕಿದರು. ಮನೆಗೆ ಬಂದರೆ ಅಮ್ಮ ಹಾಲಿನ ನೆಲದ ಮೇಲೆ ಕಾಲು ಚಾಚಿ ಕೂತಿದ್ದಾಳೆ. ಗಾಬರಿಯಾಗಬೇಡ, ಡಾಕ್ಟರಿಗೆ ತೋರಿಸಿದೆ, ಮೂಳೆಗೆ ಏನೂ ಆಗಿಲ್ಲ. ಕುರ್ಚಿ ಜಾರಿ ಬಿದ್ದು ಎದ್ದೇಳಲಾಗದೆ ಒಂದು ಗಂಟೆ ಹೊತ್ತು ಅಲ್ಲೇ ಇದ್ದಳಂತೆ. ಮುಖದಲ್ಲಿ ಒಂದಿಷ್ಟೂ ಭಯವಿಲ್ಲ. "ಬಂದ್ಯಾ? ಗುಬ್ಬಿಗೆ ಹೇಳ್ದೆ ಅಕ್ಕಂಗೆ ಫೋನ್ ಮಾಡೇ ಅಂತ. ಮಾಡಿದ್ಲಲ್ವಾ?" ಅಂದಳು. ಹೂಂ ಅಂದೆ. ಇನ್ನೇನನ್ನಲಿ? ನನ್ನ ಒಂದು ಹೆಸರಿನ ಆಸೆಗೆ ಅವಳು ಕೆಂಪು ದೀಪವನ್ನು ಕೂಗುತ್ತ ಒಂದು ಗಂಟೆ ನೆಲದ ಮೇಲಿದ್ದಳು. ಅವಳನ್ನು ಎತ್ತಿ ಹಾಸಿಗೆಯಲ್ಲಿ ಮಲಗಿಸಿದೆ.

ಅವತ್ತು ಸಂಜೆಯೇ ಏಣಿಯಣ್ಣನನ್ನು ಕರೆಸಿ ಗುಬ್ಬಿಮನೆ ಎಂದು ಹಾಕಿಸಿದೆ. ಹೊಸ ಡಬ್ಬಿ ಎರಡು ಬಗೆಯ ಸಿಗ್ನಲ್ ಬಿಡುತ್ತದಂತೆ, ನಮ್ಮ ಕ್ಯಾಮೆರಾಗಳಿಗೆ ನಿಧಾನದ್ದು ಮಾತ್ರ ಗೊತ್ತಂತೆ, ಆ ನಿಧಾನದ್ದಕ್ಕೆ ನಿನ್ನ ಹೆಸರನ್ನೂ ತಾರೀಕನ್ನೂ ಕೊಟ್ಟ. ಎರಡೇ ನಿಮಿಷ, ಮೂರೂ ಹಸಿರಾದವು. ನನ್ನ ತಂಗಿಗೂ ಕಾಣುತ್ತಿದೆಯೇ ನೋಡಿ ಅಂದೆ. ಯಾವ ಫೋನಿನಿಂದ ಯಾವಾಗ ನೋಡಿದರು ಎಂಬ ಪಟ್ಟಿಯನ್ನು ನನ್ನ ಫೋನಿನಲ್ಲೇ ತೆಗೆದು ತೋರಿಸಿದ. ನೀನು ಕೊನೆಯ ಸಲ ನೋಡಿದ್ದು ಎರಡು ತಿಂಗಳ ಹಿಂದೆ, ಮೂರು ನಿಮಿಷ. "ತಂಗಿಯವ್ರು ಬಿಜಿ ಇರ್ಬೇಕು" ಎಂದು ಅವನು ಏಣಿ ಎತ್ತಿಕೊಂಡು ಹೋದ.

ನಿನ್ನ ಕೆಲಸ ಕಷ್ಟದ್ದು, ಮನೆಗೆ ಬಂದರೆ ಹಾಸಿಗೆ ಕಾಣುತ್ತದೆಯೇ ಹೊರತು ಬೇರೇನೂ ಕಾಣುವುದಿಲ್ಲ, ನಾನು ಬಲ್ಲೆ. ಆದರೂ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಎರಡು ತಿಂಗಳು ಯಾರೂ ಇಲ್ಲದ ಜಾಗದ ಮೇಲೆ ಹೊಟ್ಟೆ ಉರಿದುಕೊಂಡೆನಲ್ಲ ಗುಬ್ಬಿ. ಅಮ್ಮನಿಗೆ ಇದ್ಯಾವುದನ್ನೂ ಹೇಳಿಲ್ಲ. ನೀನೂ ಹೇಳಬೇಡ. ಹುಷಾರಾಗಿರು, ನೂರು ಕಾಲ ಬಾಳು, ಜೊತೆಯ ನರ್ಸುಗಳಿಗೆಲ್ಲ ನಾನು ಕೇಳಿದೆನೆಂದು ಹೇಳು.

ಇಂತಿ ನಿನ್ನ,
ಅಕ್ಕ

ಮರೆತಿದ್ದೆ: ಮರೆತಿರಲಿಲ್ಲ, ಬರೆಯುವ ಧೈರ್ಯವಿರಲಿಲ್ಲ. ನಿನ್ನೆ ನಾಲ್ಕಕ್ಕೆ ಇಲ್ಲಿಂದ ಫೋನಿನಲ್ಲಿ ಅಮ್ಮನನ್ನು ನೋಡಿದೆ. "ಏನೇ ಗುಬ್ಬಿ, ಊಟ ಆಯ್ತೇನೇ?" ಅಂದಳು. ಕೈ ತಾನಾಗಿ ಮಾತಾಡುವ ಗುಂಡಿ ಒತ್ತಿತು, ಆಯ್ತಮ್ಮಾ ಅಂದುಬಿಟ್ಟೆ. ಆ ಕ್ಯಾಮೆರಾದಲ್ಲಿ ಎಲ್ಲರ ದನಿಯೂ ಒಂದೇ. ಅವಳ ಮುಖ ನೀನು ನೋಡಬೇಕಿತ್ತು. ಇಪ್ಪತ್ತು ನಿಮಿಷ ಮಾತಾಡಿದಳು, ಎಲ್ಲ ನನ್ನ ವಿಷಯವೇ. "ಅಕ್ಕ ನಗೋದೇ ಮರ್ತಿದಾಳೆ ಕಣೇ, ನಂದೇ ಚಾಕರಿ ಆಗೋಯ್ತು ಅವಳಿಗೆ. ಎದುರಿಗೆ ಹೇಳಿದ್ರೆ ರೇಗ್ತಾಳೆ, ಅದಕ್ಕೇ ನಿನ್ ಹತ್ರ ಹೇಳೋದು" ಅಂದಳು. ಅವಳಿಗೇನು, ಗಟ್ಟಿಗಿತ್ತಿ ಅಂದೆ. "ಹಂಗಂತ ನೀನ್ ಅಂದ್ಕೊಂಡಿದ್ದೀಯ" ಅಂದಳು. ಈಗ ನಾಲ್ಕಕ್ಕೆ ಐದು ನಿಮಿಷವಿದೆ, ಅವಳು ತಲೆ ಬಾಚಿಕೊಳ್ಳುತ್ತಿದ್ದಾಳೆ. ಈ ಕಾಗದ ನಿನಗೆ ಮುಟ್ಟುವವರೆಗೆ ನಿನ್ನ ಜಾಗದಲ್ಲಿ ನಾನು ಕೂರುತ್ತೇನೆ. ಮುಟ್ಟಿದ ದಿನವೇ ನೀನು ಕ್ಯಾಮೆರಾಕ್ಕೆ ಬಾ. ತಡಮಾಡಿದರೆ ಜಾಗ ಬಿಟ್ಟುಕೊಡುವ ಮನಸ್ಸು ನನಗೆ ಉಳಿಯುವುದಿಲ್ಲ.