ಮಂಚದ ಮೇಲೆ ಬಿಟ್ಟ ಜೀರುಂಡೆ

ತಮ್ಮನಿಗೆ,

ಆಶೀರ್ವಾದ ಆಮೇಲೆ, ಮೊದಲು ಇದನ್ನು ಓದು.

ನೀನು ಪಾರ್ಕಿನಲ್ಲಿ ಹಿಡಿದ ಆ ಉದ್ದ ಮೀಸೆಯ ಜೀರುಂಡೆಯನ್ನು ಹತ್ತಿರದಿಂದ ಫೋಟೋ ತೆಗೆಯಲು ನಮ್ಮ ಅಂಗಡಿಯ ಹೊಸ ಮಂಚದ ಮೇಲೆ ಬಿಟ್ಟೆ. ಪಾಲಿಶ್ ಹಲಗೆ ಹಿನ್ನೆಲೆಗೆ ಚೆನ್ನಾಗಿದೆ ಎಂದೆ. ಅದು ತಪ್ಪಿಸಿಕೊಂಡಿದ್ದನ್ನು ಮಾತ್ರ ನನಗೆ ಹೇಳದೆ ನೀನು ಬಸ್ ಹತ್ತಿದೆ.

ನಿನ್ನೆ ಮಂಚ ಮಾಡಿಸಿದ ಟೀಚರಮ್ಮ ಬಂದಿದ್ದರು. ಅವರು ಕೈಯಿಟ್ಟಲ್ಲೇ ಅದು ಮೀಸೆ ಆಡಿಸುತ್ತ ಹೊರಬಂತು.

"ಹುಳ ಹಿಡಿದ ಮರದಲ್ಲಿ ಮಾಡಿದ್ದೀರಾ?" ಎಂದರು.

ಅದು ನನ್ನ ತಮ್ಮ ಫೋಟೋ ತೆಗೆಯಲು ಹೊರಗಿನಿಂದ ಹಿಡಿದು ತಂದ ಹುಳ ಎಂದೆ ನಾನು.

"ಹುಳದ ಫೋಟೋ ಯಾರಮ್ಮ ತೆಗೀತಾರೆ? ಸುಳ್ಳು ಹೇಳೋದಾದ್ರೂ ನಂಬೋ ಹಾಗೆ ಹೇಳಿ" ಎಂದು, ಮಂಚ ಬೇಡವೆಂದು ಹೋಗೇಬಿಟ್ಟರು. ಇದರ ಮರಿಗಳು ಮರ ಕೊರೆಯುವುದು ನಿಜವಾದ್ದರಿಂದ ನನಗೂ ಹೆಚ್ಚು ವಾದಿಸಲಾಗಲಿಲ್ಲ. ಅವರ ಶಾಲೆಯ ಬೆಂಚುಗಳ ಕೆಲಸವೂ ಈಗ ಕೈತಪ್ಪುವ ಹಾಗಿದೆ.

ಭಾನುವಾರ ಬಂದು ಅವರ ಮನೆಗೆ ಹೋಗು. ಪಾರ್ಕಿನ ಕೊಂಬೆಯ ಮೇಲೆ ಅದು ಕೂತಿದ್ದ ಫೋಟೋ ತೋರಿಸಿ, ಹುಳ ಹೊರಗಿನದು ಎಂದಷ್ಟೇ ಹೇಳು. ಅದರ ಕಣ್ಣಿನ ಅಂದ ವರ್ಣಿಸುತ್ತ ಕೂತೆಯೋ, ನಾನು ಸುಮ್ಮನಿರುವವಳಲ್ಲ. ಬಾಗಿಲು ತಟ್ಟುವ ಮುಂಚೆ ಕ್ಯಾಮೆರಾ ಚೀಲವನ್ನೂ ಜೇಬನ್ನೂ ಒಮ್ಮೆ ಕೊಡವಿಕೋ.

ಇಂತಿ,
ಮಾರಾಟವಾಗದ ಮಂಚದ ಮೇಲೆ ಕೂತು ಬರೆಯುತ್ತಿರುವ
ನಿನ್ನ ಅಕ್ಕ