ಫೈಲುಗಳ ಹೊಸ ನಂಬರು

ಅಕ್ಕಾ,

ನಮ್ಮ ಆಫೀಸಿನ ಡೇಟಾಬೇಸಿನ ಒಳಗಿನ ಫೈಲುಗಳಿಗೆಲ್ಲ ಆ ಕನ್ನಡಕದವನು ಪ್ರೋಗ್ರಾಮು ಬರೆದು ಹೊಸ ನಂಬರು ಕೊಟ್ಟಾಗ ನೀನು ಎಲ್ಲರೆದುರು, "ಇವನ ಹಾಗೆ ಕೆಲಸ ಮಾಡೋರು ನಮ್ಮಲ್ಲಿ ಇನ್ಯಾರಿದ್ದಾರೆ?" ಅಂದೆ. ಸ್ವಂತ ತಂಗಿ ಪಕ್ಕದಲ್ಲೇ ಕೂತಿದ್ದಳು. ಇರಲಿ.

ಎಲ್ಲ ಸರಿಯಿದೆಯೇ ಎಂದು ಪರೀಕ್ಷಿಸುವ ನನ್ನ ಟೆಸ್ಟುಗಳು ಹಳೆಯ ನಂಬರನ್ನೇ ನಿರೀಕ್ಷಿಸುತ್ತಿದ್ದುದರಿಂದ ಸಾಲುಸಾಲಾಗಿ ಫೇಲಾದವು. ಒಂದೊಂದನ್ನೇ ಕೂತು ತಿದ್ದಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅದೂ ಇರಲಿ.

ಒಂದು ಟೆಸ್ಟು ಮಾತ್ರ ತಿದ್ದಿದರೂ ಪಾಸಾಗಲಿಲ್ಲ. ತಪ್ಪು ಅದರದಲ್ಲ. ಅಳಿಸಿದ ಫೈಲಿನ ನಂಬರನ್ನೇ ಅವನ ಪ್ರೋಗ್ರಾಮು ಹೊಸ ಫೈಲಿಗೂ ಕೊಡುತ್ತಿದೆ. ಹಳೆಯ ಫೈಲನ್ನು ಕೇಳಿದವರಿಗೆ ಬೇರೆ ಯಾರದೋ ಮಾಹಿತಿ ತೆರೆದುಕೊಳ್ಳುತ್ತದೆ. ನಾಳೆ ಅದನ್ನು ಗ್ರಾಹಕರಿಗೆ ಕಳಿಸುವುದನ್ನು ತಡೆದುಬಿಡು.

ಅವನಿಗೆ ನೀನೇ ಹೇಳು, ಬೈಯಬೇಡ. ನಾನೇ ಹೇಳೋಣವೆಂದು ಅವನ ಮೇಜಿನವರೆಗೂ ಹೋಗಿದ್ದೆ. ನಗು ತಡೆಯಲಾಗದೆ ವಾಪಸು ಬಂದೆ.

ಇಂತಿ,
ಪಕ್ಕದ ಕುರ್ಚಿಯ ನಿನ್ನ ತಂಗಿ